ಕಂಪನಿಯ ನಿಯತ್ತು ಯಾವ ಕಾಗದದಲ್ಲಿ ಕಾಣುತ್ತದೆ?

417 ರೂಪಾಯಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ತಿಂಗಳ ಸಂಬಳಕ್ಕೆ ಸೇರಬೇಕಿದ್ದ ತುಟ್ಟಿಭತ್ಯೆ ಅಷ್ಟೇ. ಕೋವಿಡ್ ಕಾರಣ ಮುಂದಿಟ್ಟುಕೊಂಡು ಸರ್ಕಾರ ಅದನ್ನು ಮುಂದೂಡಲು ಒಪ್ಪಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಬಾಕಿ ಸಮೇತ ಕೊಡಬೇಕು ಎಂದಿತು. ಆದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತ ಒಬ್ಬಾಕೆಗೆ ಅದು 417 ರೂಪಾಯಿ. ಸುಮಾರು 4 ಲಕ್ಷ ಕಾರ್ಮಿಕರಿಗೆ ಇದರಿಂದ ಪೆಟ್ಟಾಗಿದೆ ಎಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಅಂದಾಜಿಸಿತ್ತು. ಗುಣಿಸಿ ನೋಡಿ, ತಿಂಗಳಿಗೆ 16 ಕೋಟಿ ದಾಟುತ್ತದೆ. ಕಾರ್ಮಿಕ ಸಂಘಗಳು ಬೆನ್ನು ಬಿಡದೆ, ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2021ರ ಕೊನೆ ಮತ್ತು 2022ರ ಆರಂಭದಲ್ಲಿ ದೊಡ್ಡ ಕಂಪನಿಗಳು ಬಾಕಿ ಚುಕ್ತಾ ಮಾಡಲು ಮುಂದಾದವು. ಆ ಬ್ರಾಂಡ್‌ಗಳೇನೂ ನೀತಿ ಸಂಹಿತೆ ಇಲ್ಲದವಲ್ಲ. ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿ ಪೂರೈಕೆದಾರರಿಗೆ ಕೊಟ್ಟು ವರ್ಷಗಳೇ ಆಗಿದ್ದವು.

ಕಂಪನಿಯೊಂದು ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಅದರ ವಾರ್ಷಿಕ ವರದಿ ಓದಬೇಕಾಗಿಲ್ಲ. ನಿಮ್ಮ ಕೈಗೆ ಬರುವ, ನಿಮ್ಮ ಕೈಯಿಂದ ಹೋಗುವ ನಾಲ್ಕಾರು ಕಾಗದಗಳೇ ಸಾಕು: ಪೇ ಸ್ಲಿಪ್, ಪಿಎಫ್ ಪಾಸ್‌ಬುಕ್, ನೀವು ಸಹಿ ಮಾಡುವ ಬಿಲ್ಲು, ಯಾರಾದರೂ ಕೊಟ್ಟ ದೂರು. ಕೆಲಸಕ್ಕೆ ಹೋಗುವವರು ಇವುಗಳಲ್ಲಿ ಏನನ್ನು ನೋಡಬೇಕು, ಎಡವಟ್ಟು ಕಂಡರೆ ಎಲ್ಲಿಗೆ ಹೋಗಬೇಕು ಎಂಬುದು ಈ ಲೇಖನದ ವಿಷಯ.

ಪೇ ಸ್ಲಿಪ್‌ನಿಂದ ಶುರು ಮಾಡಿ

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಗಾಜು ಪುಡಿಯಾಗಿದ್ದು, ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಆ ದಿನದ ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದಕ್ಕೂ ಹಿಂದಿನ ಎರಡು ತಿಂಗಳ ಕಥೆ ಪೇ ಸ್ಲಿಪ್‌ನಲ್ಲಿತ್ತು. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು ಇಮ್ಮಡಿಯಾಗಿತ್ತು, ಪಾಳಿ 8 ಗಂಟೆಯಿಂದ 12 ಗಂಟೆಗೆ ಏರಿತ್ತು, ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿದ್ದರೂ ಸರಿಪಡಿಸಿರಲಿಲ್ಲ. ಹಾಜರಿ ತಪ್ಪಾದರೆ ಸಂಬಳವೂ ತಪ್ಪು. ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿದ್ದನ್ನು ಆಪಲ್ ಕಂಪನಿಯೇ ಒಪ್ಪಿಕೊಂಡಿತು. ವಿಸ್ಟ್ರಾನ್‌ಗೆ ಹೊಸ ಆರ್ಡರ್ ಕೊಡುವುದನ್ನು ನಿಲ್ಲಿಸಿತು. ವಿಸ್ಟ್ರಾನ್ ತನ್ನ ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ಕೆಳಗಿಳಿಸಿತು. ಕಾರ್ಮಿಕರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಯಾರನ್ನು ಕೇಳಿದರೂ ‘ನಮ್ಮನ್ನು ಕೇಳಬೇಡಿ, ಅವರನ್ನು ಕೇಳಿ’ ಎಂಬ ಉತ್ತರ ಸಿಗುವುದು ಇಂಥ ಕಡೆಯೇ.

ಆದ್ದರಿಂದ ಮೊದಲ ಕೆಲಸ: ನಿಮ್ಮ ಯಜಮಾನ ಯಾರು ಎಂದು ಕಾಗದದಲ್ಲಿ ನೋಡಿಕೊಳ್ಳಿ. ಗೇಟಿನ ಮೇಲೆ ಒಂದು ಹೆಸರು, ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇನ್ನೊಂದು, ಬ್ಯಾಂಕಿಗೆ ಸಂಬಳ ಹಾಕುವುದು ಮತ್ತೊಂದು ಹೆಸರಿನಿಂದ ಎಂದಾದರೆ ಮೂರನ್ನೂ ಬರೆದಿಟ್ಟುಕೊಳ್ಳಿ. ಅಪಾಯಿಂಟ್‌ಮೆಂಟ್ ಲೆಟರ್ ಕೊಡುವುದು ಈಗ ದಾಕ್ಷಿಣ್ಯದ ಮಾತಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೊಡಲೇಬೇಕು. ಅದೇ ಸಂಹಿತೆಗಳಲ್ಲಿ ಇನ್ನೊಂದು ಮಾತಿದೆ: ಕೆಲಸ ಬಿಟ್ಟರೂ, ಕೆಲಸದಿಂದ ತೆಗೆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಫುಲ್ ಅಂಡ್ ಫೈನಲ್’ ಎಂದು 45 ದಿನ ಕಾಯಿಸುವ ಎಚ್‌ಆರ್‌ ವಿಭಾಗಗಳಿಗೆ ಇದನ್ನು ವಿನಯದಿಂದಲೇ ನೆನಪಿಸಬಹುದು.

ಇನ್ನು ಪಿಎಫ್. 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದು ಬೆಂಗಳೂರನ್ನು ಎರಡು ದಿನ ನಿಲ್ಲಿಸಿದ್ದು ಇದೇ ಪಿಎಫ್ ದುಡ್ಡಿಗಾಗಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿದ್ದ ನಿಯಮವನ್ನು ಕೇಂದ್ರ ಸರ್ಕಾರ ಏಪ್ರಿಲ್ 19ರಂದೇ ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳಿಗೆ ತಮ್ಮ ಪಿಎಫ್‌ನ ಲೆಕ್ಕ ಗೊತ್ತಿತ್ತು. ಹವಾನಿಯಂತ್ರಿತ ಆಫೀಸುಗಳಲ್ಲಿ ಕೂರುವ ಅನೇಕರಿಗೆ ಇಂದಿಗೂ ಗೊತ್ತಿಲ್ಲ.

ಲೆಕ್ಕ ಸರಳ. ಪಿಎಫ್‌ಗೆ ಪರಿಗಣಿಸುವ ವೇತನ 15,000 ರೂಪಾಯಿ ಎಂದುಕೊಳ್ಳಿ. ನಿಮ್ಮ ಸಂಬಳದಿಂದ ಶೇ 12, ಅಂದರೆ 1,800 ರೂಪಾಯಿ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಹಾಕಬೇಕು. ಅವರ 1,800ರಲ್ಲಿ 1,250 ಪಿಂಚಣಿ ಖಾತೆಗೆ, ಉಳಿದ 550 ನಿಮ್ಮ ಪಿಎಫ್‌ಗೆ. ಪಾಸ್‌ಬುಕ್ ತೆರೆದರೆ ಮೂರು ಕಲಂಗಳಲ್ಲಿ 1,800, 550, 1,250 ಕಾಣಬೇಕು. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಮಾಲೀಕರು ದುಡ್ಡು ಕಟ್ಟಬೇಕು. ಪೇ ಸ್ಲಿಪ್‌ನಲ್ಲಿ ಕಡಿತ ಇದ್ದು ಪಾಸ್‌ಬುಕ್ ಖಾಲಿ ಇದ್ದರೆ ಅದನ್ನು ‘ಡಿಲೇ’ ಎಂದು ಕರೆಯಬೇಡಿ. ನೌಕರನ ಸಂಬಳದಿಂದ ಮುರಿದುಕೊಂಡ ಪಿಎಫ್ ಹಣವನ್ನು ಕಟ್ಟದಿರುವುದು ಕ್ರಿಮಿನಲ್ ಕಾನೂನಿನಲ್ಲಿ ನಂಬಿಕೆ ದ್ರೋಹದ ಅಪರಾಧ. ನಿಮ್ಮ ಪಿಎಫ್ ಸಂಖ್ಯೆಯಾದ ಯುಎಎನ್‌ಗೆ ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಜಮೆ ಎಷ್ಟು ಎಂದು ಎಸ್‌ಎಂಎಸ್ ಬರುತ್ತದೆ. ಉಮಂಗ್ ಆ್ಯಪ್‌ನಲ್ಲೂ ನೋಡಬಹುದು. ಬಾಕಿ ಕಂಡರೆ ಪಿಎಫ್ ಸಂಘಟನೆಯ ದೂರು ಪೋರ್ಟಲ್‌ನಲ್ಲಿ ಪೇ ಸ್ಲಿಪ್ ಲಗತ್ತಿಸಿ ಬರೆಯಿರಿ. ಅದಕ್ಕೆಂದೇ ಪೇ ಸ್ಲಿಪ್‌ಗಳನ್ನು ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಬಿಡದೆ ಸ್ವಂತ ಮೇಲ್‌ಗೆ ಪ್ರತಿ ತಿಂಗಳೂ ಕಳಿಸಿಕೊಳ್ಳಿ. ಕಂಪನಿ ಬಾಗಿಲು ಹಾಕಿದ ದಿನ ಲಾಗಿನ್ ಕೆಲಸ ಮಾಡುವುದಿಲ್ಲ.

ಟಿಡಿಎಸ್‌ದೂ ಇದೇ ಕಥೆ. ಕಡಿತವಾದ ತೆರಿಗೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಕಾಣುತ್ತಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ. ತಿಂಗಳ ಸಂಬಳ 21,000ದೊಳಗಿದ್ದರೆ ಇಎಸ್‌ಐ ಕಾರ್ಡ್ ಕೇಳಿ ಪಡೆಯಿರಿ.

‘ಒಂದು ಸೈನ್ ಅಷ್ಟೇ’

ಮಾರ್ಚ್ ಕೊನೆಯ ವಾರ ಯಾವುದೇ ಅಕೌಂಟ್ಸ್ ವಿಭಾಗದಲ್ಲಿ ಕಿವಿಗೊಟ್ಟರೆ ಇಂಥ ಮಾತು ಕೇಳಿಸುತ್ತದೆ:

“ಈ ಬಿಲ್ ಈ ತಿಂಗಳಿಗೇ ಎಂಟ್ರಿ ಮಾಡಿಬಿಡಮ್ಮಾ.”

“ಸರ್, ಮಾಲು ಇನ್ನೂ ಬಂದಿಲ್ಲ. ಸ್ಟೋರ್ಸ್‌ನಿಂದ ಜಿಆರ್‌ಎನ್ (ಮಾಲು ತಲುಪಿದ ರಸೀದಿ) ಇಲ್ಲ.”

“ಅದು ಮುಂದಿನ ವಾರ ಬರುತ್ತೆ. ಸ್ಟೋರ್ಸ್‌ನವರ ಹತ್ರ ನಾನು ಮಾತಾಡ್ತೀನಿ. ಒಂದು ಸೈನ್ ಅಷ್ಟೇ, ಯಾರು ಕೇಳ್ತಾರೆ?”

“ಸರ್, ಹಾಗಂತ ಒಂದು ಮೇಲ್ ಹಾಕ್ತೀರಾ?”

ಮೇಲ್ ಬರುವುದಿಲ್ಲ. ಬಹುತೇಕ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ. ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಲು ಮೇಲಿನವರು ಹಿಂಜರಿದರೆ ಅದೇ ಉತ್ತರ. ‘ಆಗಲ್ಲ’ ಎಂದು ಎದುರಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದು ಬಯಸುವುದೂ ಸರಿಯಲ್ಲ. ಮನೆ ಸಾಲದ ಕಂತು ಎಲ್ಲರಿಗೂ ಇದೆ. ಬರಹದಲ್ಲಿ ಕೇಳುವುದು ಮಾತ್ರ ಯಾರ ಕೈಲಾದರೂ ಆಗುತ್ತದೆ. ಅಪರೂಪಕ್ಕೆ ಮೇಲ್ ಬಂದೇಬಿಟ್ಟರೂ ಎಂಟ್ರಿ ಹಾಕಬೇಡಿ. ‘ಜಿಆರ್‌ಎನ್ ಬಂದ ದಿನ ಮಾಡುತ್ತೇನೆ’ ಎಂದು ಅದೇ ಮೇಲ್‌ಗೆ ಉತ್ತರಿಸಿ.

ಹೀಗೆ ಹೇಳಲು ಕಾರಣವಿದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥಾಪಕ ರಾಮಲಿಂಗ ರಾಜು 2009ರ ಜನವರಿ 7ರಂದು ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಲೆಕ್ಕಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದರು. ಕೆಲವೇ ತಿಂಗಳ ಹಿಂದೆ ಇದೇ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಸಿಕ್ಕಿತ್ತು. ಕೊಟ್ಟವರು ಆಮೇಲೆ ವಾಪಸು ಪಡೆದರು. ಪತ್ರಿಕೆಗಳು ರಾಜು ಅವರ ಹೆಸರನ್ನೇ ಬರೆದವು. ಆದರೆ ಅಷ್ಟು ದೊಡ್ಡ ಸುಳ್ಳನ್ನು ಒಬ್ಬರೇ ಟೈಪ್ ಮಾಡಿರಲು ಸಾಧ್ಯವಿಲ್ಲ. ನಕಲಿ ಇನ್‌ವಾಯ್ಸ್‌ಗಳೇ ಸಾವಿರಾರು ಇದ್ದವು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿದ 10 ಮಂದಿಯಲ್ಲಿ ಹಣಕಾಸು ವಿಭಾಗದ ನೌಕರರಿದ್ದರು, ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥರಿದ್ದರು, ಹೊರಗಿನ ಆಡಿಟರ್‌ಗಳಿದ್ದರು. ಮೇಲ್ಮನವಿ ಸಲ್ಲಿಸಿದ ಮೇಲೆ ಶಿಕ್ಷೆ ಅಮಾನತಾಗಿ ಅವರಿಗೆ ಜಾಮೀನು ಸಿಕ್ಕಿತು, ನಿಜ. ಆದರೂ ‘ಮೇಲಿನವರು ಹೇಳಿದ್ದಕ್ಕೆ ಮಾಡಿದೆ’ ಎಂಬ ಮಾತು ಆರೋಪಿಯ ಕಟಕಟೆಯಿಂದ ಕಾಪಾಡದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಲಂಚದ ವಿಷಯದಲ್ಲಿ ಸಣ್ಣ ಕಂಪನಿಗಳವರು, ಅದರಲ್ಲೂ ಪರವಾನಗಿ, ಖಾತೆ, ವಿದ್ಯುತ್ ಸಂಪರ್ಕ ಎಂದು ಕಚೇರಿ ಅಲೆಯುವವರು ತಿಳಿದಿರಬೇಕಾದ ಒಂದು ನಿಯಮ ಇದೆ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಕರ್ನಾಟಕದಲ್ಲಿ 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಇದಕ್ಕೆ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು. ಕೇಳಿದ ಕೂಡಲೇ, ಕೊಡುವ ಮುಂಚೆಯೇ ಹೋದರೆ ಇನ್ನೂ ಮೇಲು. ಎಂಟನೇ ದಿನ ಹೋದರೆ ನೀವು ದೂರುದಾರರೂ ಹೌದು, ಆರೋಪಿಯೂ ಆಗಬಹುದು.

‘ನಾವು ಕೊಡಲ್ಲ, ನಮ್ಮ ಕಂಟ್ರ್ಯಾಕ್ಟರ್ ನೋಡ್ಕೊಳ್ತಾರೆ’ ಎಂಬ ಜಾಣತನವೂ ಈಗ ನಡೆಯದು. ಕಂಪನಿಯ ಪರವಾಗಿ ಯಾರೇ ಕೊಟ್ಟರೂ, ಅದನ್ನು ತಡೆಯಲು ಸರಿಯಾದ ಕ್ರಮ ಕೈಗೊಂಡಿದ್ದೆವು ಎಂದು ತೋರಿಸಲಾಗದ ಕಂಪನಿ ಹೊಣೆಯಾಗುತ್ತದೆ. ಚೆನ್ನೈನ ಕ್ಯಾಂಪಸ್ ಕಟ್ಟಡದ ಅನುಮತಿಗೆ ಕಂಟ್ರ್ಯಾಕ್ಟರ್ ಮೂಲಕ ಲಂಚ ಹೋಗಿತ್ತು ಎಂಬ ಆರೋಪದಲ್ಲಿ ಕಾಗ್ನಿಜಂಟ್ 2019ರಲ್ಲಿ ಅಮೆರಿಕದ ಷೇರು ನಿಯಂತ್ರಕರಿಗೆ ಸುಮಾರು 2.5 ಕೋಟಿ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಆದ್ದರಿಂದ ಕಂಟ್ರ್ಯಾಕ್ಟರ್ ಬಿಲ್ಲಿನಲ್ಲಿ ‘ಇತರೆ ಖರ್ಚು’ ಎಂಬ ದೊಡ್ಡ ಮೊತ್ತ ಕಂಡರೆ ವಿವರ ಕೇಳಿ.

ದೀಪಾವಳಿ ಉಡುಗೊರೆಗೆ ಇಷ್ಟು ಉಪನ್ಯಾಸ ಬೇಕಿಲ್ಲ. ಮೇಜಿನ ಮೇಲಿಟ್ಟು ವಿಭಾಗದವರೆಲ್ಲ ಹಂಚಿಕೊಂಡು ತಿನ್ನಬಹುದಾದದ್ದನ್ನು ತೆಗೆದುಕೊಳ್ಳಿ, ಬ್ಯಾಗಿನಲ್ಲಿ ಮುಚ್ಚಿಟ್ಟು ಮನೆಗೆ ಒಯ್ಯಬೇಕಾದದ್ದನ್ನು ವಾಪಸು ಕಳಿಸಿ.

ಎಚ್‌ಆರ್ ಮುಂದೆ ರಾಜಿ ಬೇಡ

ಲೈಂಗಿಕ ಕಿರುಕುಳದ ದೂರು ಬಂದಾಗ ಕಂಪನಿ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ರಾಜಸ್ಥಾನದ ಭಂವರಿ ದೇವಿ ಪ್ರಕರಣದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ವಿಶಾಖಾ ಮಾರ್ಗಸೂಚಿ 2013ರಲ್ಲಿ ಕಾಯ್ದೆಯಾಯಿತು. 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಹಿರಿಯ ಮಹಿಳೆಯದು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಹೊರಗಿನವರು ಒಬ್ಬರು. ಕೆಲಸಕ್ಕೆ ಸೇರಿದ ವಾರದಲ್ಲೇ ಆ ಹೊರಗಿನ ಸದಸ್ಯರ ಹೆಸರು ಕೇಳಿ ನೋಡಿ. ತಡವರಿಸಿದರೆ ಸಮಿತಿ ಕಡತದಲ್ಲಷ್ಟೇ ಇದೆ ಎಂದೇ ಲೆಕ್ಕ.

ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಬರೆಯಲು ಕಷ್ಟವಾದರೆ ಸಮಿತಿಯೇ ನೆರವಾಗಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರೊಳಗೆ ದೂರುದಾರೆ ಕೋರಿದರೆ ತನ್ನನ್ನೋ ಆತನನ್ನೋ ಬೇರೆಡೆಗೆ ವರ್ಗಾಯಿಸುವಂತೆ, 3 ತಿಂಗಳವರೆಗೆ ರಜೆ ಕೊಡುವಂತೆ ಶಿಫಾರಸು ಮಾಡಿಸಿಕೊಳ್ಳಬಹುದು. ಎಚ್‌ಆರ್‌ನವರು ‘ಕರೆಸಿ ಮಾತಾಡಿ ಮುಗಿಸೋಣ ಮೇಡಂ’ ಎಂದರೆ ಒಪ್ಪಬೇಕಾಗಿಲ್ಲ. ರಾಜಿ ಮಾತುಕತೆ ದೂರುದಾರೆ ತಾನಾಗಿ ಕೇಳಿದರೆ ಮಾತ್ರ, ಅದೂ ಸಮಿತಿಯ ಮೂಲಕ. ಹಣ ಕೊಟ್ಟು ಮುಗಿಸುವಂತಿಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್‌ಗಳಲ್ಲಿ, ಅಥವಾ ಮಾಲೀಕನ ಮೇಲೆಯೇ ದೂರಿದ್ದಾಗ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸದವರಿಗೂ ಇದು ಅನ್ವಯ ಎಂಬುದನ್ನು ಅವರಿಗೆ ನಾವೇ ಹೇಳಬೇಕು.

ಬಾಯಿ ಬಿಡುವ ಮುನ್ನ

ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್‌ನ ಮಾರಾಟ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ 27 ವರ್ಷ. ಇಂಥ ಘಟನೆಗಳ ನಂತರ 2014ರಲ್ಲಿ ಮಾಹಿತಿದಾರರ ರಕ್ಷಣೆಗೆ ಸಂಸತ್ತು ಕಾಯ್ದೆ ಮಾಡಿತು. ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ವರ್ಷಗಟ್ಟಲೆ ಹೊರಬೀಳಲಿಲ್ಲ. ಬಂದರೂ ಅದು ಸಾರ್ವಜನಿಕ ನೌಕರರ ಭ್ರಷ್ಟಾಚಾರದ ಕುರಿತ ಕಾಯ್ದೆ, ಖಾಸಗಿ ಕಂಪನಿಯೊಳಗಿನ ಮೋಸಕ್ಕೆ ತಾಗದು.

ಹಾಗಾಗಿ ಖಾಸಗಿ ನೌಕರರು ಭಂಡ ಧೈರ್ಯಕ್ಕೆ ಇಳಿಯದಿರುವುದೇ ಲೇಸು. ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆದವು, ಬ್ಯಾಂಕುಗಳಿಂದ 50 ಕೋಟಿಗೂ ಹೆಚ್ಚು ಸಾಲ ಮಾಡಿದವು ದೂರು ಹೇಳಿಕೊಳ್ಳುವ ವ್ಯವಸ್ಥೆ ಇಡಲೇಬೇಕು, ದೂರುದಾರರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಬೇಕು ಎಂದು ಕಂಪನಿ ಕಾಯ್ದೆ ಹೇಳುತ್ತದೆ. ಗಂಭೀರ ಪ್ರಸಂಗದಲ್ಲಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೇ ನೇರವಾಗಿ ಬರೆಯಬಹುದು. ಸತ್ಯಂನಲ್ಲೂ 2008ರ ಡಿಸೆಂಬರ್‌ನಲ್ಲಿ ಸ್ವತಂತ್ರ ನಿರ್ದೇಶಕರೊಬ್ಬರಿಗೆ ಮೋಸವನ್ನು ತಿಳಿಸುವ, ಹೆಸರು ಮರೆಮಾಚಿದ ಒಂದು ಮೇಲ್ ಹೋಗಿತ್ತು.

ಬರೆಯುವಾಗ ‘ಎಲ್ಲರೂ ಕಳ್ಳರು’ ಎಂದು ಬರೆದರೆ ಕಡತ ಅಲ್ಲೇ ಮುಚ್ಚುತ್ತದೆ. ಯಾವ ತಾರೀಖು, ಯಾವ ಬಿಲ್ ಸಂಖ್ಯೆ, ಎಷ್ಟು ಮೊತ್ತ, ಯಾರು ಏನು ಹೇಳಿದರು, ನೀವೇ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ಗ್ರಾಹಕರ ಮಾಹಿತಿ, ಕಂಪನಿಯ ಕಡತಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೋಗಬೇಡಿ. ಮೋಸದ ವಿಷಯ ಬದಿಗೆ ಸರಿದು ನಿಮ್ಮ ಮೇಲೆ ಡೇಟಾ ಕಳವಿನ ದೂರು ದಾಖಲಾಗುತ್ತದೆ. ಮೊದಲು ಒಬ್ಬ ವಕೀಲರನ್ನು ಕಾಣಿ. ದೂರು ಕೊಡದೆ ಬೇರೆ ಕೆಲಸ ಹುಡುಕಿಕೊಂಡು ಹೊರಟರೂ ಅದರಲ್ಲಿ ಹೇಡಿತನವೇನಿಲ್ಲ. ಸುಳ್ಳು ಕಾಗದಕ್ಕೆ ನಿಮ್ಮ ಸಹಿ ಬೀಳಲಿಲ್ಲವೆಂದರೆ ನಿಮ್ಮ ಪಾಲಿನ ಕೆಲಸ ಬಹುಮಟ್ಟಿಗೆ ಆದಂತೆಯೇ.

ಐಟಿಯವರಿಗೆ ಒಂದು ಮಾತು: ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳಿಂದ (ನೌಕರಿಯ ನಿಯಮಾವಳಿ) ಕೊಟ್ಟುಬಂದಿರುವ ವಿನಾಯಿತಿ ಷರತ್ತುಬದ್ಧವಾದದ್ದು. ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮಗಳ ಮಾಹಿತಿ ಕಾರ್ಮಿಕ ಇಲಾಖೆಗೆ ಹೋಗಬೇಕು ಎಂಬುದು ಆ ಷರತ್ತುಗಳಲ್ಲಿ ಸೇರಿದೆ. ನಿಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಸಿಎಸ್‌ಆರ್ ಎಂಬ ಫಲಕ

ಹಳ್ಳಿ ಶಾಲೆಯ ಗೋಡೆಯಲ್ಲಿ ಎರಡು ಬೆಂಚಿಗೆ ನಾಲ್ಕು ಅಡಿ ಅಗಲದ ‘ಕೊಡುಗೆ’ ಫಲಕ ಬರೆಸುವ ಕಂಪನಿಗಳನ್ನು ನೋಡಿದ್ದೇವೆ. 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಅದೇ ಸಿಎಸ್‌ಆರ್. ಅದು ಕಾನೂನಿನ ಹೊಣೆ, ಧರ್ಮಕಾರ್ಯವೇನಲ್ಲ. ನೌಕರರಿಗಷ್ಟೇ ಅನುಕೂಲವಾಗುವ ಖರ್ಚು, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ ಇದರಲ್ಲಿ ಸೇರುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ), ಗ್ರಾಮ ಪಂಚಾಯಿತಿಯವರು ತಮ್ಮ ಭಾಗದ ಕಾರ್ಖಾನೆಯ ಬಾಗಿಲಿಗೆ ಹೋಗುವ ಮುಂಚೆ ಕಂಪನಿಯ ಜಾಲತಾಣದಲ್ಲಿ ಆ ವರ್ಷದ ಯೋಜನೆಗಳ ಪಟ್ಟಿ ನೋಡಿಕೊಂಡು ಹೋದರೆ ಕೈಮುಗಿದು ಕೇಳುವ ಬದಲು ಲೆಕ್ಕ ಇಟ್ಟು ಕೇಳಬಹುದು. ಹೊರಗೆ ಶೇ 2 ಕೊಟ್ಟು ಒಳಗೆ ಸಂಬಳ ಬಾಕಿ ಉಳಿಸಿಕೊಳ್ಳುವ ಕಂಪನಿಯನ್ನು ನಾನಂತೂ ಜವಾಬ್ದಾರಿಯುತ ಎನ್ನಲಾರೆ.

ನಮ್ಮ ಕಡೆಯ ಲೆಕ್ಕವೂ ಇದೆ. ದುಡ್ಡು ಕೊಟ್ಟರೆ ಎರಡು ವರ್ಷದ ನಕಲಿ ಅನುಭವ ಪತ್ರ ಮಾಡಿಕೊಡುವವರಿಗೆ ಬೆಂಗಳೂರಿನಲ್ಲಿ ಗಿರಾಕಿಗಳಾಗುವವರು ನಮ್ಮ ಮಕ್ಕಳೇ. ಪಿಎಫ್ ದಾಖಲೆಯೊಂದನ್ನು ತಾಳೆ ನೋಡಿದರೂ ಆ ಸುಳ್ಳು ಬಯಲಾಗುತ್ತದೆ, ವರ್ಷ ಕಳೆದ ಮೇಲೂ ಕೆಲಸ ಹೋಗುತ್ತದೆ. ಇನ್ನು ಎರಡು ಕಡೆ ದುಡಿಯುವುದು: 2022ರಲ್ಲಿ ವಿಪ್ರೊ ಇದೇ ಕಾರಣಕ್ಕೆ 300 ಜನರನ್ನು ತೆಗೆಯಿತು. ವಾರಾಂತ್ಯದ ಪಾಠ, ಬರವಣಿಗೆಗೆ ಲಿಖಿತ ಅನುಮತಿ ಕೇಳಿ. ಪ್ರತಿಸ್ಪರ್ಧಿ ಕಂಪನಿಯ ಕೆಲಸ ಮಾತ್ರ ಕೇಳುವಂಥದ್ದೂ ಅಲ್ಲ.

ಮೇಲೆ ವಕೀಲರನ್ನು ಕಾಣಿ ಎಂದೆ. ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಪೇ ಸ್ಲಿಪ್, ಅಪಾಯಿಂಟ್‌ಮೆಂಟ್ ಲೆಟರ್, ಕಳಿಸಿದ ಮೇಲ್‌ಗಳ ಪ್ರತಿ ಇಟ್ಟುಕೊಂಡು ಹೋಗಿ. ಸಹಾಯವಾಣಿ ಸಂಖ್ಯೆ 15100.